ಮರುಭೂಮಿಯಲ್ಲಿ ಇಬ್ಬರದೇ ಮದುವೆ

1939ರ ಮಾರ್ಚ್ 29ರಂದು ಹಾಲಿವುಡ್‌ನ ಕ್ಲಾರ್ಕ್ ಗೇಬಲ್ ಮತ್ತು ಕ್ಯಾರಲ್ ಲೊಂಬಾರ್ಡ್ ಯಾರಿಗೂ ಸುಳಿವು ಕೊಡದೆ ಕಾರು ಹತ್ತಿದರು. ‘ಗಾನ್ ವಿತ್ ದ ವಿಂಡ್’ ಚಿತ್ರೀಕರಣದ ನಡುವೆ ಗೇಬಲ್‌ಗೆ ಸ್ವಲ್ಪ ಬಿಡುವು ಸಿಕ್ಕಿತ್ತು. ಜೊತೆಗೆ ಇದ್ದದ್ದು ಸ್ಟುಡಿಯೊದ ಪ್ರಚಾರ ವಿಭಾಗದ ಗೆಳೆಯ ಆಟೊ ವಿಂಕ್ಲರ್ ಒಬ್ಬರೇ. ಲಾಸ್ ಏಂಜಲೀಸ್ ಬಿಟ್ಟು ಮೊಹಾವಿ ಮರುಭೂಮಿಯನ್ನು ದಾಟಿ ಅರಿಜೋನಾದ ಕಿಂಗ್‌ಮನ್ ಎಂಬ ಪುಟ್ಟ ಊರು ತಲುಪಿದರು. ಅಲ್ಲಿನ ಮೆಥಡಿಸ್ಟ್ ಚರ್ಚ್‌ನಲ್ಲಿ ಮದುವೆಯಾಗಿ ಅದೇ ದಾರಿಯಲ್ಲಿ ಮರಳಿದರು. ಪತ್ರಕರ್ತರ ಮುಂದೆ ಗಂಡ ಹೆಂಡತಿಯಾಗಿ ನಿಂತದ್ದು ಮರುದಿನ.

ಅವರು ಮರುಭೂಮಿಯ ಹಾದಿ ಹಿಡಿದದ್ದು ಸುದ್ದಿಗಾರರ ಕಾಟಕ್ಕೆ ಮಾತ್ರವಲ್ಲ. ಮದುವೆಗೆ ಅರ್ಜಿ ಹಾಕಿದವರು ಮೂರು ದಿನ ಕಾಯಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1927ರಿಂದ ಇತ್ತು. ಕುಡಿದ ಅಮಲಿನಲ್ಲಿ ಮದುವೆಯಾಗಿ ಬೆಳಗಾದ ಮೇಲೆ ಪಶ್ಚಾತ್ತಾಪಪಡುವವರನ್ನು ತಡೆಯುವುದು ಅದರ ಉದ್ದೇಶ. ಜನ ಅದನ್ನು ‘ಜಿನ್ ಮದುವೆ ಕಾನೂನು’ ಎಂದೇ ಕರೆಯುತ್ತಿದ್ದರು. ಕಾಯಲಾರದವರು ಗಡಿ ದಾಟಿದರು. ಅರಿಜೋನಾದ ಯೂಮಾ, ನೆವಾಡಾದ ಲಾಸ್ ವೇಗಸ್ ಮದುವೆಯ ಊರುಗಳಾಗಿ ಬೆಳೆದದ್ದರ ಹಿಂದೆ ಈ ಮೂರು ದಿನಗಳ ಪಾತ್ರ ದೊಡ್ಡದು. ನಟಿ ಲೊರೆಟಾ ಯಂಗ್ ಹದಿನೇಳರ ಹರೆಯದಲ್ಲಿ, 1930ರಲ್ಲಿ, ಗ್ರಾಂಟ್ ವಿದರ್ಸ್ ಜೊತೆ ಮದುವೆಯಾದದ್ದು ಯೂಮಾದಲ್ಲಿ. 1933ರಲ್ಲಿ ಜೀನ್ ಹಾರ್ಲೊ ಮತ್ತು ಛಾಯಾಗ್ರಾಹಕ ಹಾಲ್ ರಾಸನ್ ಕೂಡ ಅದೇ ಊರಿಗೆ ಹೋಗಿ ಮದುವೆಯಾದರು.

ಆಗ ಮರುಭೂಮಿ ದಾಟಿ ಹೋಗಬೇಕಾದ ದಾರಿಯಷ್ಟೇ ಆಗಿತ್ತು. ಇಂದು ಅದೇ ಗಮ್ಯ. ಕ್ಯಾಲಿಫೋರ್ನಿಯಾದಲ್ಲಿ ಈಗ ಮದುವೆಗೆ ಕಾಯುವ ಅವಧಿಯಿಲ್ಲ, ಗಡಿ ದಾಟುವ ಅಗತ್ಯವೂ ಇಲ್ಲ. ಆದರೂ ಪ್ರತಿ ವಸಂತದಲ್ಲಿ, ಪ್ರತಿ ಶರತ್ಕಾಲದಲ್ಲಿ ಜೋಡಿಗಳು ಲಾಸ್ ಏಂಜಲೀಸ್‌ನಿಂದ ಸುಮಾರು 210 ಕಿಲೋಮೀಟರ್ ಪೂರ್ವಕ್ಕೆ, ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನಕ್ಕೆ, ಮದುವೆಯ ಉಡುಪನ್ನು ಕಾರಿನ ಹಿಂದಿನ ಸೀಟಿನಲ್ಲಿ ತೂಗುಹಾಕಿಕೊಂಡು ಬರುತ್ತಾರೆ. ಇದನ್ನು ಅವರು ಎಲೋಪ್‌ಮೆಂಟ್ ಎನ್ನುತ್ತಾರೆ. ಮನೆಯವರ ಕಣ್ಣು ತಪ್ಪಿಸಿ ಬಂದವರು ಇವರಲ್ಲಿ ಕಡಿಮೆ. ಹೆಚ್ಚಿನವರ ತಂದೆತಾಯಿಗೆ ವಿಷಯ ಗೊತ್ತಿರುತ್ತದೆ; ಕೆಲವೊಮ್ಮೆ ಅವರೇ ಸಾಕ್ಷಿಗಳಾಗಿ ಪಕ್ಕದಲ್ಲಿ ನಿಂತಿರುತ್ತಾರೆ. ಬಿಟ್ಟುಬಂದದ್ದು ನೂರಾರು ಜನರ ಊಟ, ಸಭಾಂಗಣದ ಬಾಡಿಗೆ, ವರ್ಷಗಟ್ಟಲೆ ತೀರಿಸಬೇಕಾದ ಸಾಲ. ಅಮೆರಿಕದ ಮದುವೆ ಮಾರುಕಟ್ಟೆಯನ್ನು ಅಳೆಯುವ ‘ದ ನಾಟ್’ ಸಂಸ್ಥೆಯ ಸಮೀಕ್ಷೆಯ ಪ್ರಕಾರ 2023ರಲ್ಲಿ ಒಂದು ಮದುವೆಯ ಸರಾಸರಿ ವೆಚ್ಚ 35,000 ಡಾಲರ್. ಅದನ್ನು ಕೇಳಿದ ಮೇಲೆ ಬಂಡೆಗಳ ನಡುವೆ ಇಬ್ಬರೇ ನಿಲ್ಲುವ ಆಸೆ ವಿಚಿತ್ರವೆನಿಸುವುದಿಲ್ಲ.

ಆದರೆ ಈ ಆಸೆಯೊಳಗೆ ಒಂದು ತಪ್ಪು ಗ್ರಹಿಕೆ ಅಡಗಿರುತ್ತದೆ: ಮರುಭೂಮಿ ಎಂದರೆ ಖಾಲಿ ಜಾಗ, ಅಲ್ಲಿ ಯಾರೂ ಇಲ್ಲ, ಬೇಕಾದಂತೆ ಇರಬಹುದು ಎಂಬುದು. ಜೋಶುವಾ ಟ್ರೀಯಲ್ಲಿ ಮದುವೆಗೆ ತಯಾರಿ ನಡೆಸುವವರು ಮೊದಲು ಬಿಡಬೇಕಾದದ್ದು ಈ ಎಣಿಕೆಯನ್ನು. ಅದು ತುಂಬಿದ ಮನೆ. ಬಂದವರು ಅತಿಥಿಗಳು. ತಯಾರಿಯ ಪ್ರತಿಯೊಂದು ವಿವರವೂ ಇದನ್ನು ಒಪ್ಪಿಕೊಳ್ಳುವುದರಿಂದಲೇ ಹೊರಡುತ್ತದೆ.

ಸುಮಾರು 3,200 ಚದರ ಕಿಲೋಮೀಟರ್ ವಿಸ್ತಾರದ ಈ ಉದ್ಯಾನದಲ್ಲಿ ಎರಡು ಮರುಭೂಮಿಗಳು ಕೂಡುತ್ತವೆ. ಪಶ್ಚಿಮದ ಎತ್ತರದ ಭಾಗ ಮೊಹಾವಿ, ಪೂರ್ವದ ತಗ್ಗು ಕೊಲೊರಾಡೊ ಮರುಭೂಮಿ. ಉದ್ಯಾನಕ್ಕೆ ಹೆಸರು ಕೊಟ್ಟ ಜೋಶುವಾ ಮರ ಬೆಳೆಯುವುದು ಎತ್ತರದ ಮೊಹಾವಿಯಲ್ಲಿ ಮಾತ್ರ. ನೋಟಕ್ಕೆ ಮರವಾದರೂ ಅದು ಯಕ್ಕಾ ಜಾತಿಯ ಗಿಡ, ನಮ್ಮ ಹೊಲದ ಬದುವಿನ ಕತ್ತಾಳೆಯ ದೂರದ ಸಂಬಂಧಿ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುತ್ತದೆ. ಕಾಂಡದಲ್ಲಿ ಉಂಗುರಗಳಿಲ್ಲದ ಕಾರಣ ವಯಸ್ಸು ಎಣಿಸುವುದೂ ಕಷ್ಟ. ಮರಗಳ ನಡುವೆ ದುಂಡನೆಯ ಬಂಡೆಗಳ ರಾಶಿ. ಹತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ನೆಲದಾಳದಲ್ಲಿ ತಣ್ಣಗಾದ ಶಿಲಾರಸ ಬಿರುಕುಬಿಟ್ಟು, ಬಿರುಕುಗಳಲ್ಲಿ ಇಳಿದ ನೀರು ಮೂಲೆಗಳನ್ನು ಸವೆಸಿ, ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ಈ ಗುಂಡುಗಳು ಹೊರಬಿದ್ದವು. ಹಂಪಿಯ ಹೇಮಕೂಟದ ಮೇಲೆ ನಿಂತು ನೋಡಿದವರಿಗೆ ಈ ದೃಶ್ಯ ಗುರುತಿನದೇ ಅನಿಸುತ್ತದೆ. ಹಂಪಿಯ ಬಂಡೆಗಳು ಇವಕ್ಕಿಂತ ಎಷ್ಟೋ ಪಟ್ಟು ಹಳೆಯವು, ಆದರೆ ಉರುಟಾದ ಬಗೆ ಒಂದೇ. ಬಂಡೆ ಹತ್ತುವ ಹವ್ಯಾಸಿಗಳು ಎರಡೂ ಕಡೆ ಎಡತಾಕುವುದೂ ಆ ಕಾರಣಕ್ಕೇ.

ಇಲ್ಲಿಗೆ 2023ರಲ್ಲಿ ಬಂದವರ ಸಂಖ್ಯೆ 32 ಲಕ್ಷ ದಾಟಿತ್ತು. ಏಕಾಂತ ಹುಡುಕಿ ಬರುವವರಿಗೆ ಇದು ಗೊತ್ತಿರಲೇಬೇಕು. ವಸಂತದ ಶನಿವಾರ ಬೆಳಿಗ್ಗೆ ಪಶ್ಚಿಮದ ಪ್ರವೇಶದ್ವಾರದಲ್ಲಿ ಕಾರುಗಳ ಉದ್ದನೆಯ ಸಾಲು ನಿಂತಿರುತ್ತದೆ. ಮುಹೂರ್ತ ಆ ಸಾಲಿನಲ್ಲೇ ಕಳೆದುಹೋಗಬಾರದೆಂದರೆ ಮಂಗಳವಾರವೋ ಬುಧವಾರವೋ ಲೇಸು.

ಯೋಜನೆಗೆ ಎರಡು ಕಾಗದಗಳು ಬೇಕು. ಇವೆರಡನ್ನೂ ಒಂದೇ ಎಂದುಕೊಂಡು ಗೊಂದಲಕ್ಕೆ ಬೀಳುವವರು ಅನೇಕರು. ಒಂದು, ಇಬ್ಬರನ್ನು ಗಂಡ ಹೆಂಡತಿಯಾಗಿಸುವ ಮದುವೆ ಪರವಾನಗಿ. ಅದನ್ನು ಕೊಡುವುದು ಕೌಂಟಿ, ಅಂದರೆ ಜಿಲ್ಲಾಡಳಿತ. ಇನ್ನೊಂದು, ಉದ್ಯಾನದ ನೆಲದಲ್ಲಿ ಸಮಾರಂಭ ನಡೆಸಲು ಬೇಕಾದ ಪರ್ಮಿಟ್. ಅದನ್ನು ಕೊಡುವುದು ರಾಷ್ಟ್ರೀಯ ಉದ್ಯಾನ ಸೇವೆ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಮದುವೆ ಪರವಾನಗಿಯ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಉದಾರಿ. ಅಲ್ಲಿನ ನಿವಾಸಿಗಳೇ ಆಗಿರಬೇಕೆಂದಿಲ್ಲ, ರಕ್ತಪರೀಕ್ಷೆ ಇಲ್ಲ. ಇಬ್ಬರೂ ಗುರುತಿನ ದಾಖಲೆ ಹಿಡಿದು ಒಟ್ಟಿಗೆ ಕಚೇರಿಗೆ ಹೋಗಬೇಕು, ಅಷ್ಟೆ. ರಾಜ್ಯದ ಯಾವ ಕೌಂಟಿಯಲ್ಲಿ ಪಡೆದರೂ ಇಡೀ ರಾಜ್ಯದಲ್ಲಿ ನಡೆಯುತ್ತದೆ. ಉದ್ಯಾನ ಸ್ಯಾನ್ ಬರ್ನಾಡಿನೊ ಮತ್ತು ರಿವರ್‌ಸೈಡ್ ಎಂಬ ಎರಡು ಕೌಂಟಿಗಳಲ್ಲಿ ಹರಡಿರುವುದರಿಂದ ಇದು ದೊಡ್ಡ ಅನುಕೂಲ. ಪಡೆದ ದಿನದಿಂದ 90 ದಿನಗಳೊಳಗೆ ಮದುವೆ ಆಗಿಬಿಡಬೇಕು.

ಪರವಾನಗಿಯಲ್ಲಿ ಎರಡು ಬಗೆ. ಸಾರ್ವಜನಿಕ ಪರವಾನಗಿಗೆ ಕನಿಷ್ಠ ಒಬ್ಬ ಸಾಕ್ಷಿಯ ಸಹಿ ಬೇಕು. ಗೋಪ್ಯ ಪರವಾನಗಿಗೆ ಸಾಕ್ಷಿಯೇ ಬೇಡ. ದಾಖಲೆಯನ್ನೂ ದಂಪತಿಯ ಹೊರತು ಬೇರೆ ಯಾರೂ ನ್ಯಾಯಾಲಯದ ಆದೇಶವಿಲ್ಲದೆ ತೆರೆದು ನೋಡುವಂತಿಲ್ಲ. ಈ ಎರಡನೆಯದರ ಬೇರು 1878ರಷ್ಟು ಹಿಂದಕ್ಕೆ ಹೋಗುತ್ತದೆ. ಆ ಕಾಲದಲ್ಲಿ ಮದುವೆಯಾಗದೆ ಒಟ್ಟಿಗೆ ಬಾಳುತ್ತಿದ್ದವರು ತಡವಾಗಿ ಮದುವೆಯಾಗಲು ಹೊರಟರೆ ಊರಿಗೆಲ್ಲ ಗುಟ್ಟು ರಟ್ಟಾಗುತ್ತದೆಂದು ಅಂಜುತ್ತಿದ್ದರು. ಅವರ ಮಾನ ಉಳಿಸಲು ಹುಟ್ಟಿದ ಕಾನೂನು ಇದು. ಇಂದಿಗೂ ಈಗಾಗಲೇ ಒಟ್ಟಿಗೆ ವಾಸಿಸುತ್ತಿರುವ, 18 ತುಂಬಿದ ಜೋಡಿಗೆ ಮಾತ್ರ ಇದು ಸಿಗುತ್ತದೆ. ಬಂಡೆಗಳ ನಡುವೆ ಮೂರನೆಯವರನ್ನು ಬಯಸದವರಿಗೆ ಹಳೆಯ ಕಾಲದ ಮರ್ಯಾದೆಯ ಕಾನೂನು ಹೊಸ ಕಾಲದ ಏಕಾಂತಕ್ಕೆ ಒದಗಿಬಂದಿದೆ.

ಪೂರ್ತಿ ಇಬ್ಬರೇ ಇರಲು ಮಾತ್ರ ಸಾಧ್ಯವಿಲ್ಲ. ಕೊಲೊರಾಡೊ ರಾಜ್ಯದಲ್ಲಿ ಜೋಡಿ ತಾವೇ ಸಹಿ ಹಾಕಿ ಮದುವೆಯಾಗಬಹುದು. ಕ್ಯಾಲಿಫೋರ್ನಿಯಾದಲ್ಲಿ ವಿಧಿ ನಡೆಸಿಕೊಡುವವರೊಬ್ಬರು ಇರಲೇಬೇಕೆಂಬುದು ಸಾಮಾನ್ಯ ನಿಯಮ. ನ್ಯಾಯಾಧೀಶರಾಗಬಹುದು, 18 ತುಂಬಿದ ಯಾವುದೇ ಧರ್ಮದ ಪುರೋಹಿತರಾಗಬಹುದು. ನಮ್ಮ ವೈದಿಕರಿಗೂ ಈ ಅಧಿಕಾರವಿದೆ. ಕೆಲವು ಕೌಂಟಿಗಳು ಗೆಳೆಯರೊಬ್ಬರನ್ನು ಒಂದು ದಿನದ ಮಟ್ಟಿಗೆ ಮದುವೆ ಅಧಿಕಾರಿಯಾಗಿ ನೇಮಿಸುವ ವ್ಯವಸ್ಥೆಯನ್ನೂ ಇಟ್ಟಿವೆ. ಬೆಂಗಳೂರಿನಿಂದ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರ ಮಕ್ಕಳು ಕಾಲೇಜಿನ ಗೆಳತಿಯ ಕೈಯಲ್ಲಿ ಮದುವೆ ಮಾಡಿಸಿಕೊಳ್ಳುವುದು ಈ ಬಾಗಿಲಿನಿಂದ ಸಾಧ್ಯವಾಗಿದೆ.

ಇನ್ನು ಉದ್ಯಾನದ ಪರ್ಮಿಟ್. ಅತಿಥಿಗಳೇ ಇಲ್ಲದ ಮದುವೆಗೂ ಅದು ಬೇಕು. ಅರ್ಜಿ ಹಾಕಿ, ಶುಲ್ಕ ಕಟ್ಟಿ, ಉದ್ಯಾನ ಗೊತ್ತುಮಾಡಿದ ಜಾಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕೆಲವು ವಾರ ಮುಂಚೆಯೇ ಹಾಕಿದರೆ ನೆಮ್ಮದಿ. ವಸಂತದ ತಿಂಗಳುಗಳಿಗಾದರೆ ಇನ್ನೂ ಬೇಗ. ಕಾರಿನ ಪ್ರವೇಶ ಶುಲ್ಕ, ಏಳು ದಿನಕ್ಕೆ 30 ಡಾಲರ್, ಇದರಿಂದ ಬೇರೆ. ಪರ್ಮಿಟ್ ಇದ್ದ ಮಾತ್ರಕ್ಕೆ ಜಾಗ ನಿಮ್ಮದಾಗುವುದಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಯಾವುದೋ ಕುಟುಂಬ ಬುತ್ತಿ ಬಿಚ್ಚಿ ಪಕ್ಕದ ಬಂಡೆಯ ಮೇಲೆ ಕೂತರೆ ಅವರನ್ನು ಎಬ್ಬಿಸುವ ಹಕ್ಕು ಯಾರಿಗೂ ಇಲ್ಲ.

ಪೋಸ್ಟ್‌ಕಾರ್ಡಿನಲ್ಲಿ ಕಾಣುವ ಎಲ್ಲ ಜಾಗಗಳೂ ಪಟ್ಟಿಯಲ್ಲಿಲ್ಲ. ಇರುವುದರಲ್ಲಿ ಜೋಡಿಗಳು ಹೆಚ್ಚು ಇಷ್ಟಪಡುವುದು ಹಿಡನ್ ವ್ಯಾಲಿಯ ಪಿಕ್ನಿಕ್ ತಾಣ ಮತ್ತು ಕ್ಯಾಪ್ ರಾಕ್. ಹಿಡನ್ ವ್ಯಾಲಿಯನ್ನು ಸುತ್ತಲೂ ಬಂಡೆಗೋಡೆಗಳು ಕಾಯುತ್ತವೆ, ಗಾಳಿ ಕಡಿಮೆ. ಕ್ಯಾಪ್ ರಾಕ್‌ನಲ್ಲಿ ಬಂಡೆಯ ತಲೆಯ ಮೇಲೆ ಟೋಪಿಯಂತೆ ಇನ್ನೊಂದು ಬಂಡೆ ಕೂತಿದೆ. ಅದರ ಸುತ್ತಲಿನ ಕಿರುದಾರಿ ಗಾಲಿಕುರ್ಚಿಗೂ ಅನುಕೂಲವಾಗಿರುವುದರಿಂದ ಅಜ್ಜಿ ತಾತಂದಿರನ್ನು ಕರೆತರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಗಾಯಕ ಗ್ರ್ಯಾಮ್ ಪಾರ್ಸನ್ಸ್ 1973ರಲ್ಲಿ ತೀರಿಕೊಂಡಾಗ, ಕೊಟ್ಟ ಮಾತಿನಂತೆ ಅವರ ಗೆಳೆಯ ದೇಹವನ್ನು ವಿಮಾನ ನಿಲ್ದಾಣದಿಂದ ಕದ್ದು ತಂದು ಬೆಂಕಿಯಿಟ್ಟದ್ದೂ ಇದೇ ಬಂಡೆಯ ಬಳಿ. ಅವರ ಅಭಿಮಾನಿಗಳು ಈಗಲೂ ಬರುತ್ತಿರುತ್ತಾರೆ; ಮದುವೆಯವರು ಅಚ್ಚರಿಪಡಬೇಕಿಲ್ಲ.

ಹೆಚ್ಚು ಜನರನ್ನು ಕರೆದರೆ ಆಯ್ಕೆ ಟರ್ಕಿ ಫ್ಲ್ಯಾಟ್ಸ್ ಅಥವಾ ಪೋರ್ಕ್ಯುಪೈನ್ ವಾಶ್ ಕಡೆ ಸರಿಯುತ್ತದೆ. ಅವೆರಡೂ ಪಿಂಟೊ ಬಯಲಿನ ತಗ್ಗಿನಲ್ಲಿವೆ, ಜೋಶುವಾ ಮರದ ಸೀಮೆಯಿಂದ ಹೊರಗೆ. ಹಿನ್ನೆಲೆಯಲ್ಲಿ ಮರ ಬೇಕೆನ್ನುವವರು ಅತಿಥಿಗಳ ಪಟ್ಟಿಯನ್ನು ಕಿರಿದಾಗಿಸಬೇಕು. ಮರದ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು: ಯು2 ತಂಡದ 1987ರ ‘ದ ಜೋಶುವಾ ಟ್ರೀ’ ಆಲ್ಬಮ್‌ನಲ್ಲಿರುವ ಒಂಟಿ ಮರವನ್ನು ಹುಡುಕಿಕೊಂಡು ಬರುವವರು ಇದ್ದಾರೆ. ಆ ಮರ ಇದ್ದದ್ದು ಈ ಉದ್ಯಾನದಲ್ಲಲ್ಲ, ನೂರಾರು ಕಿಲೋಮೀಟರ್ ಆಚೆ, ಡೆತ್ ವ್ಯಾಲಿಯ ಹಾದಿಯ ಡಾರ್ವಿನ್ ಎಂಬ ಊರಿನ ಹತ್ತಿರ. ಅದು ಬಿದ್ದುಹೋಗಿ ಎರಡು ದಶಕ ಕಳೆದಿದೆ.

ಪರ್ಮಿಟ್‌ನ ಷರತ್ತುಗಳನ್ನು ಓದುವಾಗ ಕನ್ನಡದ ಮದುವೆ ಮನೆಗಳಲ್ಲಿ ಬೆಳೆದವರ ಕಣ್ಣು ಥಟ್ಟನೆ ನಿಲ್ಲುವುದು ಅಕ್ಕಿಯ ಮೇಲೆ. ಅಕ್ಷತೆ ಹಾಕುವಂತಿಲ್ಲ. ಹಕ್ಕಿಕಾಳು, ಬಣ್ಣದ ಕಾಗದದ ಚೂರು, ಹೂವಿನ ಎಸಳು, ಬಲೂನು ಯಾವುದೂ ಕೂಡದು. ಮರಕ್ಕೆ ತೋರಣ ಕಟ್ಟುವಂತಿಲ್ಲ, ಕೊಂಬೆಗೆ ಒರಗುವಂತಿಲ್ಲ. ಗೊತ್ತುಮಾಡಿದ ಒಲೆಗುಂಡಿಗಳ ಹೊರಗೆ ಬೆಂಕಿ ಹೊತ್ತಿಸುವಂತಿಲ್ಲವಾದ್ದರಿಂದ ಹೋಮಕುಂಡದ ಮಾತೇ ಇಲ್ಲ. ಬೇಸಿಗೆಯ ನಿರ್ಬಂಧವಿದ್ದಾಗ ಆ ಒಲೆಗುಂಡಿಗಳೂ ಆರಿರಬೇಕು. ಅಗ್ನಿಸಾಕ್ಷಿ ಬೇಕೆನ್ನುವವರು ಸಪ್ತಪದಿಯನ್ನು ಉದ್ಯಾನದ ಹೊರಗಿನ ಬಾಡಿಗೆ ಮನೆಯ ಅಂಗಳದಲ್ಲಿ, ಅಲ್ಲಿನ ಅಗ್ನಿ ನಿಯಮ ನೋಡಿಕೊಂಡು ಮುಗಿಸಿ, ಮಾಂಗಲ್ಯಧಾರಣೆಯನ್ನು ಬಂಡೆಗಳ ನಡುವೆ ಇಟ್ಟುಕೊಳ್ಳುವುದು ಜಾಣತನ. ಡ್ರೋನ್ ಕ್ಯಾಮೆರಾಗಳಿಗೆ ಅಮೆರಿಕದ ಎಲ್ಲ ರಾಷ್ಟ್ರೀಯ ಉದ್ಯಾನಗಳಲ್ಲೂ 2014ರಿಂದ ನಿಷೇಧವಿದೆ.

ಒಂದು ಹಿಡಿ ಅಕ್ಕಿಯಿಂದ ಮರುಭೂಮಿಗೆ ಏನಾದೀತು? ಕಾಡುಪ್ರಾಣಿ ಮನುಷ್ಯ ಚೆಲ್ಲಿದ್ದನ್ನು ತಿನ್ನಲು ಕಲಿಯುತ್ತದೆ ಎಂಬುದು ಅರ್ಧ ಉತ್ತರ. ಉಳಿದರ್ಧ ಬೀಜದ ಕಥೆ. ಮೊಹಾವಿಯ ಗಿಡಗಳು ಒಂದರಿಂದೊಂದು ದೂರ ನಿಂತು ಬೆಳೆಯುತ್ತವೆ, ನಡುವೆ ಬರಿ ನೆಲ. ಹಾಗಾಗಿ ಸಿಡಿಲು ಬಡಿದರೂ ಬೆಂಕಿ ಒಂದೆರಡು ಗಿಡಗಳಿಗೆ ಮುಗಿಯುತ್ತಿತ್ತು. ಹೊರಗಿನಿಂದ ಬಂದ ಕೆಂಪು ಬ್ರೋಮ್, ಚೀಟ್‌ಗ್ರಾಸ್‌ನಂತಹ ಹುಲ್ಲುಗಳು ಆ ಬರಿ ನೆಲವನ್ನು ತುಂಬಿದವು. ಮಳೆಗಾಲದ ನಂತರ ಒಣಗಿ ನಿಂತ ಹುಲ್ಲು ಒಂದು ಗಿಡದ ಬೆಂಕಿಯನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಜೋಶುವಾ ಮರಗಳಿಗೆ ಬೆಂಕಿಯ ಅಭ್ಯಾಸವಿಲ್ಲ. 2020ರ ಆಗಸ್ಟ್‌ನಲ್ಲಿ ಇದೇ ಮರುಭೂಮಿಯ ಮೊಹಾವಿ ರಾಷ್ಟ್ರೀಯ ರಕ್ಷಿತ ಪ್ರದೇಶದಲ್ಲಿ ಸಿಡಿಲಿನಿಂದ ಹೊತ್ತಿದ ಡೋಮ್ ಬೆಂಕಿಗೆ ಸುಮಾರು 13 ಲಕ್ಷ ಜೋಶುವಾ ಮರಗಳು ಬಲಿಯಾದವೆಂಬ ಅಂದಾಜಿದೆ. ಹುಲ್ಲಿನ ಬೀಜ ಹೊಸ ಜಾಗಕ್ಕೆ ಹೋಗುವುದು ಬೂಟಿನ ಅಡಿಯಲ್ಲಿ, ಕಾರಿನ ಚಕ್ರದಲ್ಲಿ, ನೆಲ ಗುಡಿಸುವ ಸೆರಗಿನ ಅಂಚಿನಲ್ಲಿ. ಮದುವೆಗೆ ಹೊರಡುವ ಮುನ್ನ ಬೂಟು ಒರೆಸಿಕೊಳ್ಳುವುದು ಇಲ್ಲಿ ಶೃಂಗಾರಕ್ಕಲ್ಲ.

ಹವಾಮಾನದ ಲೆಕ್ಕವೂ ಈ ಮರಗಳ ಪರವಾಗಿಲ್ಲ. ರಿವರ್‌ಸೈಡ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಗಾಲ ಹೊರಸೂಸುವಿಕೆ ತಗ್ಗಿದರೆ ಈ ಶತಮಾನದ ಕೊನೆಗೆ ಉದ್ಯಾನದೊಳಗಿನ ಮರಗಳ ನೆಲೆಯಲ್ಲಿ ಸುಮಾರು ಶೇಕಡಾ 19 ಉಳಿದೀತು. ತಗ್ಗದಿದ್ದರೆ ಉಳಿಯುವುದು ಶೇಕಡಾ 0.02. ಇದನ್ನು ಓದಿದ ಮೇಲೆ ಕೊಂಬೆಗೆ ಒರಗಿ ಚಿತ್ರ ತೆಗೆಸಿಕೊಳ್ಳುವ ಮನಸ್ಸು ಯಾರಿಗೂ ಬರಬಾರದು.

ಈ ನೆಲವನ್ನು ಮುಟ್ಟದೆ ನೋಡಬೇಕೆಂಬ ಹಟಕ್ಕೆ ಒಬ್ಬ ಹೆಣ್ಣುಮಗಳ ಹೆಸರಿದೆ. ಮಿನರ್ವಾ ಹ್ಯಾಮಿಲ್ಟನ್ ಹಾಯ್ಟ್ ದಕ್ಷಿಣ ಪ್ಯಾಸಡೀನಾದ ಶ್ರೀಮಂತ ಮನೆಯವರು. ಮಗುವನ್ನೂ ಗಂಡನನ್ನೂ ಕಳೆದುಕೊಂಡ ಅವರಿಗೆ ಆಸರೆಯಾದದ್ದು ಮರುಭೂಮಿ. ಅದೇ ಹೊತ್ತಿಗೆ, 1920ರ ದಶಕದಲ್ಲಿ, ಹೊಸದಾಗಿ ಕಾರು ಕೊಂಡ ಲಾಸ್ ಏಂಜಲೀಸ್ ಜನ ಕಳ್ಳಿಗಳನ್ನು ಬುಡಸಮೇತ ಕಿತ್ತು ತಮ್ಮ ಮನೆಯ ತೋಟಗಳಿಗೆ ಸಾಗಿಸುತ್ತಿದ್ದರು; ರಾತ್ರಿ ದಾರಿ ತೋರಲು ಜೋಶುವಾ ಮರಗಳಿಗೆ ಬೆಂಕಿ ಹಚ್ಚುತ್ತಿದ್ದರು. ಹಾಯ್ಟ್ ಮರುಭೂಮಿಯ ಗಿಡಗಳ ಪ್ರದರ್ಶನವನ್ನು ನ್ಯೂಯಾರ್ಕ್, ಬಾಸ್ಟನ್, ಲಂಡನ್‌ಗೆ ಒಯ್ದರು. ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್ವೆಲ್ಟ್‌ವರೆಗೆ ಮಾತು ಮುಟ್ಟಿಸಿದರು. 1936ರ ಆಗಸ್ಟ್ 10ರಂದು ಇದು ರಾಷ್ಟ್ರೀಯ ಸ್ಮಾರಕವಾಯಿತು. 1950ರಲ್ಲಿ ಗಣಿಗಾರಿಕೆಗಾಗಿ ಅದರ ಮೂರನೇ ಒಂದು ಭಾಗದಷ್ಟು ನೆಲವನ್ನು ಬಿಟ್ಟುಕೊಡಬೇಕಾಯಿತು. 1994ರ ಅಕ್ಟೋಬರ್ 31ರಂದು ಜೋಶುವಾ ಟ್ರೀ ಪೂರ್ಣ ಪ್ರಮಾಣದ ರಾಷ್ಟ್ರೀಯ ಉದ್ಯಾನವಾಯಿತು. ಕಾವಲು ಸಡಿಲವಾದರೆ ಏನಾಗುತ್ತದೆಂದು 2018ರ ಡಿಸೆಂಬರ್‌ನಲ್ಲಿ ಆರಂಭವಾದ 35 ದಿನಗಳ ಸರ್ಕಾರಿ ‘ಶಟ್‌ಡೌನ್’, ಅಂದರೆ ಬಜೆಟ್ ಸಿಗದೆ ಕಚೇರಿಗಳು ಮುಚ್ಚಿದ ಸ್ತಬ್ಧತೆ, ತೋರಿಸಿತು. ರೇಂಜರ್‌ಗಳು ವಿರಳವಾದ ಆ ದಿನಗಳಲ್ಲಿ ವಾಹನಗಳು ದಾರಿ ಬಿಟ್ಟು ನುಗ್ಗಿದವು, ಮರಗಳು ಉರುಳಿದವು.

ಕಾಲಡಿಯ ನೆಲ ಮರಕ್ಕಿಂತಲೂ ನಾಜೂಕು. ಕಪ್ಪಗೆ, ಉಬ್ಬುತಗ್ಗಾಗಿ ಕಾಣುವ ಮಣ್ಣಿನ ಪದರ ಜೀವಂತವಾದದ್ದು. ಸಯನೋಬ್ಯಾಕ್ಟೀರಿಯಾ, ಕಲ್ಲುಹೂ, ಹಾವಸೆಗಳು ಹೆಣೆದ ಆ ಪದರ ಮಣ್ಣು ಹಾರದಂತೆ ಹಿಡಿದು, ನೀರನ್ನು ಉಳಿಸಿ, ಗಿಡಗಳಿಗೆ ಸಾರಜನಕ ಒದಗಿಸುತ್ತದೆ. ಒಂದು ಹೆಜ್ಜೆ ಬಿದ್ದರೆ ಪುಡಿಯಾಗುತ್ತದೆ. ಮರಳಿ ಕೂಡಲು ದಶಕಗಳು ಬೇಕು. ಛಾಯಾಗ್ರಾಹಕರು ‘ಇನ್ನೆರಡು ಹೆಜ್ಜೆ ಹಿಂದಕ್ಕೆ’ ಎನ್ನುವಾಗ ಆ ಎರಡು ಹೆಜ್ಜೆ ಎಲ್ಲಿ ಬೀಳುತ್ತದೆಂದು ನೋಡಬೇಕಾದದ್ದು ಇದಕ್ಕೆ. ಬಂಡೆಯ ಮೇಲೆ, ಕಾಲುದಾರಿಯ ಮೇಲೆ, ನೀರು ಹರಿದ ಮರಳಿನ ಹಾದಿಯಲ್ಲಿ ನಿಂತರೆ ತೊಂದರೆಯಿಲ್ಲ.

ಮರುಭೂಮಿಯ ಆಮೆಯನ್ನಂತೂ ಮರೆಯುವಂತಿಲ್ಲ. ಮೊಹಾವಿಯ ಈ ಆಮೆ 1990ರಿಂದ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ. ಮಳೆ ಬಂದಾಗ ಕುಡಿದ ನೀರನ್ನು ತಿಂಗಳುಗಟ್ಟಲೆ ಮೂತ್ರಕೋಶದಲ್ಲಿ ಕೂಡಿಟ್ಟುಕೊಂಡು ಬದುಕುತ್ತದೆ. ಮುದ್ದೆಂದು ಯಾರಾದರೂ ಎತ್ತಿದರೆ ಹೆದರಿ ಆ ನೀರನ್ನೆಲ್ಲ ಚೆಲ್ಲಿಬಿಡಬಹುದು, ಆಮೇಲೆ ನೀರಡಿಸಿ ಸಾಯಬಹುದು. ಬಿಸಿಲಿಗೆ ನಿಲ್ಲಿಸಿದ ಕಾರಿನ ನೆರಳು ಅದಕ್ಕೆ ತಂಪಾದ ಜಾಗ. ಸಮಾರಂಭ ಮುಗಿಸಿ ಹೊರಡುವಾಗ ಚಕ್ರಗಳ ಹಿಂದೆ ಮುಂದೆ ಬಗ್ಗಿ ನೋಡಿ ಎಂದು ರೇಂಜರ್‌ಗಳು ಹೇಳುತ್ತಾರೆ. ಮದುವೆಯ ದಿನ ಒಂದು ಜೀವದ ಮೇಲೆ ಕಾರು ಹತ್ತಿಸಿದ ನೋವನ್ನು ಯಾರೂ ಹೊತ್ತು ಹೋಗಬೇಕಾಗಿಲ್ಲ, ಬಗ್ಗಲು ಅರ್ಧ ನಿಮಿಷ ಸಾಕು.

ಚೋಯಾ ಕಳ್ಳಿ ಇನ್ನೊಂದು ಎಚ್ಚರ. ಇಳಿಬಿಸಿಲಿನಲ್ಲಿ ಅದರ ಮುಳ್ಳುಗಳು ಬಂಗಾರದ ತುಪ್ಪಳದ ಹಾಗೆ ಹೊಳೆಯುವುದರಿಂದ ಪಿಂಟೊ ಬಯಲಿನ ಅಂಚಿನ ಚೋಯಾ ತೋಟದಲ್ಲಿ ಚಿತ್ರ ತೆಗೆಸಿಕೊಳ್ಳದೆ ಮರಳುವವರು ಕಡಿಮೆ. ಸ್ವಲ್ಪ ತಾಗಿದರೂ ಗೆಣ್ಣು ಕಳಚಿ ಬಟ್ಟೆಗೆ, ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೂ ಹಿಡಿಯುತ್ತದೆ. ಅಲ್ಲಿ ಓಡಾಡುವ ಛಾಯಾಗ್ರಾಹಕರ ಚೀಲದಲ್ಲಿ ಬಾಚಣಿಗೆ ಇರುವುದು ಗೆಣ್ಣನ್ನು ಎಗರಿಸಿ ತೆಗೆಯಲು. ರೇಷ್ಮೆ ಸೀರೆ ಉಟ್ಟವರು ನೆರಿಗೆಯನ್ನು ಕಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿಕೊಳ್ಳುವುದು ಒಳಿತು.

ನೀರು ಎಲ್ಲಕ್ಕಿಂತ ಮುಖ್ಯ. ಉದ್ಯಾನದ ಅಂಚಿನ ಕೆಲವು ಕಡೆ ಬಿಟ್ಟರೆ ಒಳಗೆ ಎಲ್ಲೂ ಕುಡಿಯುವ ನೀರಿಲ್ಲ. ಅಂಗಡಿಯಿಲ್ಲ, ಹೋಟೆಲಿಲ್ಲ, ಪೆಟ್ರೋಲ್ ಬಂಕ್ ಇಲ್ಲ. ಒಬ್ಬರಿಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ಎಂಬುದು ಉದ್ಯಾನದ ಲೆಕ್ಕ. ನಡೆಯುವುದಿದ್ದರೆ ಅದಕ್ಕಿಂತ ಹೆಚ್ಚು. ಮೊಬೈಲ್ ಫೋನು ಬಹುತೇಕ ಕಡೆ ಸಿಗ್ನಲ್ ಹಿಡಿಯುವುದಿಲ್ಲ. ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಬೇಕು, ಎಲ್ಲಿ ಎಷ್ಟು ಗಂಟೆಗೆ ಸೇರುವುದೆಂದು ಎಲ್ಲರೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು, ಹಿಂದಿರುಗುವ ಸಮಯವನ್ನು ಹೊರಗಿರುವ ಒಬ್ಬರಿಗೆ ತಿಳಿಸಿರಬೇಕು. ಒಣಗಾಲದಲ್ಲಿ ಜೇನುನೊಣಗಳು ಕೂಡ ನೀರಿಗಾಗಿ ಅಲೆಯುತ್ತಿರುತ್ತವೆ. ಸಿಹಿ ಪಾನೀಯ, ಬೆವರು, ಕಾರಿನ ಎಸಿಯಿಂದ ತೊಟ್ಟಿಕ್ಕುವ ಹನಿ ಕೂಡ ಅವನ್ನು ಸೆಳೆಯುತ್ತದೆ. ಕೇಕು, ಷಾಂಪೇನ್, ಪಾನಕಗಳನ್ನು ಹೊರಗೆ ಊರಿನಲ್ಲಿ ಇಟ್ಟುಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಅನೇಕರು ಊಟಕ್ಕೆ ಪಯನಿಯರ್‌ಟೌನ್‌ಗೆ ಹೋಗುತ್ತಾರೆ. 1946ರಲ್ಲಿ ಕೌಬಾಯ್ ಸಿನಿಮಾಗಳಿಗಾಗಿ ಕಟ್ಟಿದ ಆ ಊರಿನ ಮರದ ಮುಂಗಟ್ಟುಗಳು ಈಗಲೂ ನಿಂತಿವೆ.

ಕಾಲ ಆರಿಸುವುದು ಸುಲಭ: ಅಕ್ಟೋಬರ್-ನವೆಂಬರ್ ಅಥವಾ ಮಾರ್ಚ್-ಏಪ್ರಿಲ್. ಬೇಸಿಗೆಯಲ್ಲಿ ತಾಪಮಾನ 38 ಡಿಗ್ರಿ ದಾಟುತ್ತದೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಗುಡುಗುಮಳೆ ಬಂದು ಒಣ ಹಳ್ಳಗಳಲ್ಲಿ ದಿಢೀರ್ ನೆರೆ ನುಗ್ಗುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ. ವಸಂತ ಸುಂದರ, ಗಾಳಿ ಮಾತ್ರ ಜೋರು. ತಲೆಯ ಮೇಲಿನ ಮುಸುಕು, ಕೈಯಲ್ಲಿ ಹಿಡಿದ ಕಾಗದ ಎರಡೂ ಹಾರಿಹೋಗುತ್ತವೆ. ಚಳಿ ಮತ್ತು ಮಳೆ ಹದವಾಗಿ ಬಿದ್ದ ವರ್ಷ ಫೆಬ್ರುವರಿಯಿಂದ ಏಪ್ರಿಲ್ ನಡುವೆ ಜೋಶುವಾ ಮರ ಕೆನೆಬಿಳಿಯ ಹೂಗೊಂಚಲು ಬಿಡುತ್ತದೆ. ಯಕ್ಕಾ ಪತಂಗವೊಂದೇ ಅದರ ಪರಾಗಸ್ಪರ್ಶ ಮಾಡಬಲ್ಲದು. ಪತಂಗ ಪರಾಗವನ್ನು ಉಂಡೆ ಕಟ್ಟಿ ತಂದು ಹೂವಿಗೆ ಒತ್ತುತ್ತದೆ, ಅದೇ ಹೂವಿನೊಳಗೆ ಮೊಟ್ಟೆಯಿಡುತ್ತದೆ. ಮರಿಗಳು ಬೀಜಗಳಲ್ಲಿ ಒಂದು ಪಾಲು ತಿಂದು ಬೆಳೆಯುತ್ತವೆ, ಉಳಿದದ್ದು ಮರದ ಪಾಲು. ಒಬ್ಬರಿಲ್ಲದೆ ಇನ್ನೊಬ್ಬರಿಲ್ಲ. ಮುಡಿಗೆಂದು ಆ ಗೊಂಚಲನ್ನು ಕಿತ್ತವರು ಎರಡು ವಂಶಗಳಿಗೆ ಕೈ ಹಾಕಿದಂತೆ.

ಗಳಿಗೆಯ ವಿಷಯದಲ್ಲಿ ನಮ್ಮ ಪಂಚಾಂಗವೂ ಅಲ್ಲಿನ ಛಾಯಾಗ್ರಾಹಕರೂ ಒಂದೇ ಮಾತು ಹೇಳುವುದು ಸಂತೋಷದ ಸಂಗತಿ: ಗೋಧೂಳಿ. ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆ ಬಂಡೆಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗುತ್ತವೆ. ನವೆಂಬರ್ ಮಧ್ಯದಲ್ಲಿ ಸೂರ್ಯ ಸಂಜೆ 4:40ರ ಸುಮಾರಿಗೇ ಮುಳುಗುತ್ತಾನೆ. ಗಡಿಯಾರ ಮುಂದಿಟ್ಟ ಏಪ್ರಿಲ್ ಮಧ್ಯದಲ್ಲಿ 7:15ರವರೆಗೆ ಇರುತ್ತಾನೆ. ಆದರೆ ಬಂಡೆಗೋಡೆಗಳ ನಡುವೆ ನೆರಳು ಅದಕ್ಕೂ ಬಹಳ ಮೊದಲೇ ಕವಿಯುತ್ತದೆ. ಹಿಡನ್ ವ್ಯಾಲಿಯಲ್ಲಿ ನಿಲ್ಲುವವರು ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ನೋಡಿಕೊಂಡು ಬರಬೇಕು. ಕತ್ತಲಾದ ಮೇಲೂ ಉಳಿಯುವ ಮನಸ್ಸಿದ್ದರೆ ಆಕಾಶ ನಿರಾಸೆ ಮಾಡುವುದಿಲ್ಲ. 2017ರಲ್ಲಿ ಈ ಉದ್ಯಾನಕ್ಕೆ ಅಂತರರಾಷ್ಟ್ರೀಯ ಕಗ್ಗತ್ತಲ ಆಗಸದ ಮಾನ್ಯತೆ ಸಿಕ್ಕಿದೆ.

ಜೋಶುವಾ ಟ್ರೀ ಬೇಡವೆನ್ನುವವರಿಗೆ ಬೇರೆ ಮರುಭೂಮಿ ಉದ್ಯಾನಗಳೂ ಇವೆ, ಪ್ರತಿಯೊಂದಕ್ಕೂ ತನ್ನದೇ ಹಟ. ಡೆತ್ ವ್ಯಾಲಿಯ ಫರ್ನೆಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ತಾಪಮಾನ ದಾಖಲಾಗಿತ್ತು; ಅಲ್ಲಿ ಚಳಿಗಾಲವೇ ಮದುವೆಯ ಕಾಲ. ಆ ಉದ್ಯಾನದ ಒಂದು ಸಣ್ಣ ಭಾಗ ನೆವಾಡಾದಲ್ಲಿದೆ, ಕ್ಯಾಲಿಫೋರ್ನಿಯಾದ ಪರವಾನಗಿ ಅಲ್ಲಿ ನಡೆಯದು. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ ಮರಳು ಬೆಳ್ಳಗಿನ ಜಿಪ್ಸಮ್, ಬಿಸಿಲಿನಲ್ಲೂ ಬರಿಗಾಲಿಗೆ ತಂಪು. ಸುತ್ತಲೂ ಸೇನೆಯ ಕ್ಷಿಪಣಿ ಪರೀಕ್ಷಾ ವಲಯವಿರುವುದರಿಂದ ಪರೀಕ್ಷೆಯ ಹೊತ್ತಿನಲ್ಲಿ ರಸ್ತೆಯನ್ನೇ ಮುಚ್ಚುತ್ತಾರೆ. ಅಲ್ಲಿ ಮುಹೂರ್ತ ಇಡುವವರು ರಸ್ತೆ ಮುಚ್ಚುವ ವೇಳಾಪಟ್ಟಿಯನ್ನೂ ನೋಡಬೇಕು.

ಉಂಗುರ ತೊಡಿಸಿ, ಧೂಳು ಕೊಡವಿ ಕಾರು ಹತ್ತಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ, ಭಾರತದ ಜೊತೆ ನಂಟಿರುವವರಿಗೆ ಇದು ಹೆಚ್ಚು ಮುಖ್ಯ. ವಿಧಿ ನಡೆಸಿಕೊಟ್ಟವರು ಸಹಿ ಮಾಡಿದ ಪರವಾನಗಿಯನ್ನು 10 ದಿನಗಳೊಳಗೆ ಅದನ್ನು ಕೊಟ್ಟ ಕೌಂಟಿಗೆ ತಲುಪಿಸಬೇಕು. ದಾಖಲಾದ ಮೇಲೆ ದೃಢೀಕೃತ ಪ್ರತಿ ತಾನಾಗಿ ಮನೆಗೆ ಬರುತ್ತದೆಂದು ಕಾಯಬಾರದು, ದಂಪತಿಯೇ ಕೇಳಿ ಪಡೆಯಬೇಕು. ಗೋಪ್ಯ ಮದುವೆಯಾದರೆ ಅವರಿಬ್ಬರಲ್ಲಿ ಒಬ್ಬರೇ ಅರ್ಜಿ ಹಾಕಬೇಕು, ಅಣ್ಣ ಅಪ್ಪಂದಿರಿಗೆ ಅದು ಸಿಗದು. ಪಾಸ್‌ಪೋರ್ಟಿನಲ್ಲಿ ಸಂಗಾತಿಯ ಹೆಸರು ಸೇರಿಸುವಂತಹ ಭಾರತದ ಕೆಲಸಗಳಿಗೆ ಆ ಪ್ರತಿಯ ಮೇಲೆ ಅಪೊಸ್ಟೀಲ್ (ವಿದೇಶದಲ್ಲಿ ದಾಖಲೆಗೆ ಮಾನ್ಯತೆ ಕೊಡುವ) ಮುದ್ರೆ ಇದ್ದರೆ ದಾರಿ ಸುಗಮ. ಅದನ್ನು ಹಾಕಿಕೊಡುವುದು ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಭಾರತ 2005ರಿಂದ ಅಪೊಸ್ಟೀಲ್ ಒಪ್ಪಂದದ ಸದಸ್ಯ ದೇಶ. ಮುದ್ರೆ ಬೀಳುವುದು ಕೌಂಟಿ ಅಧಿಕಾರಿಯ ಸಹಿ ಇರುವ ದೃಢೀಕೃತ ಪ್ರತಿಗೆ, ಮದುವೆಯ ದಿನ ನೆನಪಿಗೆಂದು ಕೊಡುವ ಚೆಂದದ ಪ್ರಮಾಣಪತ್ರಕ್ಕಲ್ಲ. ದೂರದಿಂದ ಬಂದವರು ಒಂದರ ಬದಲು ಎರಡು ಮೂರು ಪ್ರತಿಗಳನ್ನು ಒಟ್ಟಿಗೇ ತರಿಸಿಕೊಂಡರೆ ಮತ್ತೆ ಕೌಂಟಿಗೆ ಬರೆದು ಕಾಯುವ ಕೆಲಸ ತಪ್ಪುತ್ತದೆ.